ಎರಡನೇ ಪೀರಿಯಡ್ ಉಳಿಸಿಕೊಟ್ಟವರಿಗೆ

ಕಳೆದ ಶನಿವಾರ ಮುಖ್ಯ ಶಿಕ್ಷಕಿಯ ಚಾರ್ಜ್ ಬಿಟ್ಟುಕೊಟ್ಟೆ. ಬೀರುವಿನ ಬೀಗದ ಕೈ ಎರಡು, ಶಾಲೆಯ ಮುದ್ರೆ, ನಗದು ಪುಸ್ತಕ, ದಾಖಲಾತಿ ವಹಿ, ಅಕ್ಷರ ದಾಸೋಹದ ದಾಸ್ತಾನು ವಹಿ, ಅಕ್ಕಿ ಇಷ್ಟು, ಬೇಳೆ ಇಷ್ಟು, ಹಾಲಿನ ಪುಡಿ ಇಷ್ಟು, ಗ್ಯಾಸ್ ಸಿಲಿಂಡರ್ ಎರಡು. ಒಂದೊಂದನ್ನೂ ಎಣಿಸಿ ಪಟ್ಟಿ ಮಾಡಿದೆವು. ಕೊಟ್ಟವರು ಅಂತ ನಾನು ಸಹಿ ಹಾಕಿದೆ. ತೆಗೆದುಕೊಂಡವರು ಅಂತ ಹೊಸ ಮುಖ್ಯ ಶಿಕ್ಷಕರು ಹಾಕಿದರು. ಆರು ವರ್ಷದ ಪ್ರಭಾರ ಅಲ್ಲಿಗೆ ಮುಗಿಯಿತು.

ಆ ಪಟ್ಟಿಯಲ್ಲಿ ಬರೆಯಲು ಜಾಗವಿಲ್ಲದ್ದು ಒಂದು ಉಳಿಯಿತು, ಕೆಲವರ ಋಣ. ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹರಪನಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳನೇ ತರಗತಿ, 143 ಮಕ್ಕಳು, ನಾನೂ ಸೇರಿ ಐದು ಜನ ಶಿಕ್ಷಕರು. ಅರ್ಧದಷ್ಟು ಮಕ್ಕಳು ಪಕ್ಕದ ಲಂಬಾಣಿ ತಾಂಡಾದವರು. 2019ರ ಜೂನ್‌ನಲ್ಲಿ ಹಿಂದಿನ ಮುಖ್ಯ ಶಿಕ್ಷಕರು ನಿವೃತ್ತರಾದರು. ಇದ್ದವರಲ್ಲಿ ಹಿರಿಯಳು ಅಂತ ಪ್ರಭಾರ ನನಗೆ ಬಂತು. ಆಗ ನಮ್ಮದು ಬಳ್ಳಾರಿ ಜಿಲ್ಲೆ. 2021ರಲ್ಲಿ ವಿಜಯನಗರ ಜಿಲ್ಲೆ ಆಯಿತು, ಮುದ್ರೆ ಬದಲಾಯಿಸಿದೆವು.

ಪ್ರಭಾರ ಅಂದರೆ ಏನು ಅಂತ ಶಾಲೆಯವರಿಗೆ ಗೊತ್ತು. ನನ್ನ ನಾಲ್ಕನೇ ತರಗತಿಯ ಪಾಠ ಹಾಗೇ ಇರುತ್ತದೆ. ಅದರ ಮೇಲೆ ಮಕ್ಕಳ ಆನ್‌ಲೈನ್ ದಾಖಲೆಯಾದ ಎಸ್‌ಎಟಿಎಸ್‌ನಲ್ಲಿ ಹೆಸರು ತುಂಬಬೇಕು, ದೇಶದ ಶಾಲೆಗಳ ಅಂಕಿಅಂಶ ಸೇರಿಸುವ ಯು-ಡೈಸ್‌ಗೆ ಮಾಹಿತಿ ಕೊಡಬೇಕು. ವಿದ್ಯಾರ್ಥಿವೇತನ ಬಾರದ ಮಗುವಿನ ಆಧಾರ್ ಬ್ಯಾಂಕಿಗೆ ಜೋಡಣೆ ಆಗಿದೆಯಾ ನೋಡಬೇಕು. ಶೂ ಅಳತೆ, ಸಮವಸ್ತ್ರ, ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆ, ಬಿಇಒ ಅಂದರೆ ಕ್ಷೇತ್ರ ಶಿಕ್ಷಣಾಧಿಕಾರಿಯ ಕಚೇರಿ. ಹತ್ತು ಗಂಟೆಗೆ ಒಂದು ಮೆಸೇಜ್ ಬರುತ್ತದೆ, ಹನ್ನೊಂದರೊಳಗೆ ಉತ್ತರ ಬೇಕು. ಇದೆಲ್ಲ ಬೇಡದ ಕೆಲಸ ಅಂತ ನಾನು ಹೇಳುವುದಿಲ್ಲ. ಅನ್ನ, ಬಟ್ಟೆ, ಹಣ ಮಗುವಿಗೆ ತಲುಪಲೇಬೇಕು. ಆದರೆ ಇದರಲ್ಲೇ ದಿನ ಮುಗಿದರೆ ಪಕ್ಕದ ಕೋಣೆಯಲ್ಲಿ ಪಾಠ ಹೇಗೆ ನಡೆಯುತ್ತಿದೆ ಅಂತ ಮುಖ್ಯ ಶಿಕ್ಷಕಿಗೇ ಗೊತ್ತಿರುವುದಿಲ್ಲ. ಮೊದಲ ತಿಂಗಳು ನನಗೆ ಆಗಿದ್ದು ಅದೇ.

ಹಾಗಾಗಿ ಒಂದು ಪೀರಿಯಡ್ ಗಟ್ಟಿ ಮಾಡಿಕೊಂಡೆ. ಎರಡನೆಯದು. ಆ ಹೊತ್ತಿಗೆ ನನ್ನ ತರಗತಿಗೆ ಇಂಗ್ಲಿಷ್ ಇರುತ್ತಿತ್ತು, ಬೇರೆ ಮೇಷ್ಟ್ರು ಹೋಗುತ್ತಿದ್ದರು. ದಿನಾ ಒಂದು ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಮಕ್ಕಳ ಜೊತೆ ಕೂರುವುದು ಅಂತ ತೀರ್ಮಾನ ಮಾಡಿದೆ.

ಶುರುವಿನಲ್ಲೇ ದೊಡ್ಡ ತಪ್ಪು ಮಾಡಿದೆ. ಕೈಯಲ್ಲಿ ನೋಟ್‌ಬುಕ್ ಹಿಡಿದು ಆರನೇ ತರಗತಿಗೆ ಹೋದೆ. ಸಹೋದ್ಯೋಗಿ ಮೇಡಂ ಒಬ್ಬರು ಪಾಠ ಮಾಡುತ್ತಿದ್ದರು. ನಾನು ತಪ್ಪುಗಳನ್ನು ಬರೆಯುತ್ತಾ ಹೋದೆ. ಹನ್ನೊಂದು ತಪ್ಪು ಆಯಿತು. ಊಟದ ಹೊತ್ತಿನಲ್ಲಿ ಎಲ್ಲರೆದುರು ಓದಿಯೂ ಬಿಟ್ಟೆ. ಅವರು ಡಬ್ಬಿ ಮುಚ್ಚಿಟ್ಟು ಎದ್ದು ಹೋದರು. ಒಂದು ವಾರ ಮಾತಿಲ್ಲ. ಅವರ ಮುಖ ನೋಡುವುದಕ್ಕೂ ನನಗೆ ಸಂಕಟ ಆಗುತ್ತಿತ್ತು. ಕೊನೆಗೆ ನಾನೇ ಹೋಗಿ ಕ್ಷಮೆ ಕೇಳಿದೆ. ‘ನೀವು ನನ್ನ ಕ್ಲಾಸಿಗೆ ಬಂದು ಕೂರಿ’ ಅಂದೆ.

ಬಂದರು. ಪರಿಸರ ಅಧ್ಯಯನದ ಪಾಠ ಪೂರ್ತಿ ಕೂತು ನೋಡಿದರು. ಆಮೇಲೆ ಜಗಲಿ ಮೇಲೆ ನಿಂತು ಮೆಲ್ಲಗೆ ಹೇಳಿದರು: ‘ಮೇಡಂ, ನೀವು ಪ್ರಶ್ನೆ ಕೇಳ್ತೀರಿ. ಹುಡುಗರು ಬಾಯಿ ತೆಗೆಯೋದ್ರೊಳಗೆ ನೀವೇ ಉತ್ತರ ಹೇಳ್ತೀರಿ. ಕಿಟಕಿ ಕಡೆ ಕೂತವರನ್ನ ಒಂದು ಸಲನೂ ಕೇಳಲಿಲ್ಲ.’

ಆಗಲೇ ನಾನು 22 ವರ್ಷ ಪಾಠ ಮಾಡಿದ್ದೆ. ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಹೇಳಬೇಕಾದರೆ ಯಾರಾದರೂ ಬಂದು ಕೂರಬೇಕಲ್ವಾ? ಮಾರನೇ ದಿನದಿಂದ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸತೊಡಗಿದೆ. ಆ ಐದು ಎಣಿಕೆ ಎಷ್ಟು ಉದ್ದ ಅಂತ ಪಾಠ ಮಾಡುವವರಿಗೇ ಗೊತ್ತು. ಒಂದೆರಡು ವಾರದಲ್ಲಿ ಕಿಟಕಿ ಕಡೆಯ ಸಾಲಿನಿಂದ, ಅಲ್ಲಿಯವರೆಗೆ ಧ್ವನಿಯೇ ಕೇಳದ ಒಬ್ಬ ಹುಡುಗಿ ಉತ್ತರ ಹೇಳಿದಳು. ಮೇಡಂ, ಆ ಮಾತಿಗೆ ನಿಮಗೆ ನನ್ನ ಮೊದಲ ಧನ್ಯವಾದ. ಅಷ್ಟು ನೋವಾದ ಮೇಲೂ ನೀವು ನನಗೆ ಒಳ್ಳೆಯದನ್ನೇ ಮಾಡಿದಿರಿ.

ಅಲ್ಲಿಂದ ನೋಟ್‌ಬುಕ್ ಒಯ್ಯುವುದನ್ನು ಬಿಟ್ಟೆ. ಎಲ್ಲರೂ ಎಲ್ಲರ ತರಗತಿಗೂ ಹೋಗುವ ರೂಢಿ ಬಂತು. ಪಾಠ ಆದ ಮೇಲೆ ಮೇಷ್ಟ್ರ ಬಗ್ಗೆ ಮಾತಿಲ್ಲ, ಒಂದು ಮಗುವಿನ ಬಗ್ಗೆ ಮಾತ್ರ ಮಾತು. ಆ ಮಗು ಹಾಗೆ ಯಾಕೆ ಬರೆಯಿತು?

ಒಂದು ದಿನದ ಕತೆ ಹೇಳಲೇಬೇಕು. ಅದು 2022–23, ಕೊರೊನಾದಲ್ಲಿ ತಪ್ಪಿದ ಕಲಿಕೆಯನ್ನು ತುಂಬಿಕೊಡುವ ಕಲಿಕಾ ಚೇತರಿಕೆ ವರ್ಷ. ಕೊರೊನಾ ಕಾಲದಲ್ಲಿ ಶಾಲೆ ಮುಚ್ಚಿದಾಗ ನಾವು ವಿದ್ಯಾಗಮ ಅಂತ ತಾಂಡಾದ ಗುಡಿ ಕಟ್ಟೆ ಮೇಲೆ, ಹುಣಸೆ ಮರದ ಕೆಳಗೆ ಪಾಠ ಮಾಡಿದ್ದೆವು. ಅದೂ ನಡುವೆ ನಿಂತಿತು. ಒಂದರಿಂದ ಐದನೇ ತರಗತಿ ಮತ್ತೆ ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಮೂರನೇ ತರಗತಿಗೆ ಬಂದು ಕೂತವರು ಒಂದನೇ ತರಗತಿಯನ್ನೂ ಪೂರ್ತಿ ಕಂಡಿರಲಿಲ್ಲ. ಎಷ್ಟೋ ಒತ್ತಕ್ಷರ ಮರೆತಿದ್ದವು. ‘ಅಜ್ಜಿ ಕತೆ ಹೇಳಿದಳು, ಕತೆ ಹುಲ್ಲು ತಿಂದಿತು’ ಅಂತ ಒಬ್ಬ ಬರೆದಿದ್ದ. ಎರಡನೆಯದು ಕತ್ತೆ.

ಆ ಚೇತರಿಕೆ ವರ್ಷದಲ್ಲೇ ಒಂದು ದಿನ ಐದನೇ ತರಗತಿಯಲ್ಲಿ ಗಣಿತದ ಮೇಷ್ಟ್ರು 42ರಲ್ಲಿ 17 ಕಳೆಯಲು ಕೊಟ್ಟಿದ್ದರು. ನನ್ನ ಪಕ್ಕ ಕೂತ ಹುಡುಗಿ 35 ಅಂತ ಬರೆದಳು. ಎರಡರಲ್ಲಿ ಏಳು ಹೋಗಲ್ಲ, ಅದಕ್ಕೆ ಏಳರಲ್ಲೇ ಎರಡು ಕಳೆದು ಐದು ಮಾಡಿದ್ದಳು. ಆ ತಪ್ಪು ಎಲ್ಲ ಶಾಲೆಯಲ್ಲೂ ಇದೆ. ನಾನು ಕಡ್ಡಿ ಕಟ್ಟು ತರಿಸಿದೆ. ಹತ್ತತ್ತು ತೊಗರಿ ಕಡ್ಡಿಗೆ ರಬ್ಬರ್ ಬ್ಯಾಂಡ್ ಹಾಕಿದ ನಾಲ್ಕು ಕಟ್ಟು, ಬಿಡಿ ಎರಡು. ‘ಇದರಲ್ಲಿ ಹದಿನೇಳು ನನಗೆ ಕೊಡು’ ಅಂದೆ. ಒಂದು ಕಟ್ಟು ಕೊಟ್ಟಳು. ಬಿಡಿ ಎರಡೂ ಕೊಟ್ಟಳು. ಆಮೇಲೆ ಕಟ್ಟುಗಳನ್ನು ನೋಡುತ್ತಾ ಸುಮ್ನೆ ಕೂತಳು. ‘ಇನ್ನೂ ಐದು ಬೇಕಲ್ಲ’ ಅಂದೆ. ನನ್ನ ಕಿವಿ ಹತ್ತಿರ ಬಂದು ಹೇಳಿದಳು: ‘ಕಟ್ಟು ಬಿಚ್ಚಬಾರದು ಅಂತ ಹೇಳ್ಯಾರ್ರಿ.’

ಹೇಳಿದ್ದು ನಿಜ. ಕಡ್ಡಿ ಚೆಲ್ಲಾಪಿಲ್ಲಿ ಆಗುತ್ತವೆ ಅಂತ, ಕಟ್ಟು ಬಿಚ್ಚಬೇಡಿ ಅಂತ ನಾವೇ ಎಲ್ಲ ತರಗತಿಯಲ್ಲೂ ಹೇಳಿದ್ದೆವು. ದಶಕ ಬಿಡಿಸುವ ಲೆಕ್ಕ ಕಲಿಸುತ್ತಾ, ಬಿಡಿಸಬೇಡ ಅಂತ ಮಗುವಿನ ಕೈ ಹಿಡಿದವರು ನಾವು. ಮೇಷ್ಟ್ರು ಅವಳ ಪಕ್ಕ ಮಂಡಿಯೂರಿ ಕೂತು, ‘ಬಿಚ್ಚು ತಾಯಿ, ಬಿಚ್ಚು’ ಅಂದರು. ರಬ್ಬರ್ ಬ್ಯಾಂಡ್ ತೆಗೆದಳು. ಐದು ಕಡ್ಡಿ ನನಗೆ ಕೊಟ್ಟು, ಉಳಿದ ಕಟ್ಟು ಎರಡು, ಬಿಡಿ ಐದು ಅಂತ ಎಣಿಸಿದಳು. 35 ಅಳಿಸಿ 25 ಬರೆದಳು. ಅವತ್ತು ಇಡೀ ತರಗತಿ ನೆಲದ ತುಂಬಾ ಕಡ್ಡಿ ಹರಡಿಕೊಂಡಿತ್ತು. ಬೆಲ್ ಆದರೂ ಯಾರೂ ಏಳಲಿಲ್ಲ. ಆ ಮೇಷ್ಟ್ರಿಗೆ ನಾನು ಋಣಿ. ನಮ್ಮ ತಪ್ಪು ನನ್ನೆದುರೇ ಸಿಕ್ಕಿಬಿತ್ತಲ್ಲ ಅಂತ ಅವರು ಒಂದು ಚೂರೂ ಕುಗ್ಗಲಿಲ್ಲ. ಮಧ್ಯಾಹ್ನ ತಾವೇ ಬೇರೆ ತರಗತಿಗಳಿಗೆ ಹೋಗಿ ಕಟ್ಟು ಬಿಚ್ಚಿಸಿ ಬಂದರು.

ಆದರೆ ಇಷ್ಟು ವರ್ಷ ದಿನಾ ಎರಡನೇ ಪೀರಿಯಡ್‌ಗೆ ನಾನು ತರಗತಿಯಲ್ಲಿ ಕೂರಲು ಆಗಿದ್ದು ಯಾರಿಂದ? ಅವರ ಹೆಸರು ಯಾವ ವಹಿಯಲ್ಲೂ ಬರುವುದಿಲ್ಲ.

ನಮ್ಮ ಮುಖ್ಯ ಅಡುಗೆಯಕ್ಕ. 2024ರಿಂದ ವಾರಕ್ಕೆ ಆರು ದಿನ ಮೊಟ್ಟೆ ಬಂತು. ಒಳ್ಳೆಯದೇ ಆಯಿತು, ಮಕ್ಕಳ ಮುಖದಲ್ಲಿ ಅದು ಕಾಣುತ್ತದೆ. ಆದರೆ ದಿನಾ ಎಣಿಕೆ, ಒಡೆದದ್ದು ಎಷ್ಟು, ಮೊಟ್ಟೆ ಬದಲು ಬಾಳೆಹಣ್ಣಿನವರು ಎಷ್ಟು ಅಂತ ನಾನು ಅಡುಗೆ ಕೋಣೆಯಲ್ಲೇ ನಿಲ್ಲತೊಡಗಿದೆ. ಅಕ್ಕ ಒಂದು ದಿನ ಸೌಟು ಹಿಡಿದುಕೊಂಡೇ ‘ನಾ ಎಣಿಸ್ತೀನಿ, ನೀವು ಕ್ಲಾಸಿಗೆ ಹೋಗ್ರಿ’ ಅಂದರು. ಅವರು ಓದಿದ್ದು ಮೂರನೇ ತರಗತಿ. ಅಡುಗೆ ಕೋಣೆಯ ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಮೇಲೆ ಮೊಟ್ಟೆ ಲೆಕ್ಕ, ಕೆಳಗೆ ಹಣ್ಣಿನ ಲೆಕ್ಕ ಬರೆದಿಡುತ್ತಾರೆ. ಪೀರಿಯಡ್ ಮುಗಿದ ಮೇಲೆ ನಾನು ಬಂದು ತಾಳೆ ನೋಡಿ ವಹಿಗೆ ಇಳಿಸುತ್ತಿದ್ದೆ. ಒಂದು ದಿನವೂ ತಪ್ಪಲಿಲ್ಲ.

ನಮ್ಮ ಸಿಆರ್‌ಪಿ ಸರ್, ಅಂದರೆ ಸುತ್ತಲಿನ ಶಾಲೆಗಳಿಗೆ ಮಾರ್ಗದರ್ಶನ ಮಾಡುವ ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ. ‘ಹನ್ನೊಂದೂವರೆವರೆಗೆ ನನಗೆ ಫೋನ್ ಮಾಡಬೇಡಿ ಸರ್’ ಅಂತ ಕೇಳಿದಾಗ ಯಾಕೆ ಅಂತಲೂ ಅನ್ನಲಿಲ್ಲ. ಮೇಲಿಂದ ಬರುವ ಒತ್ತಡವನ್ನು ತಾವೇ ತಡೆದುಕೊಂಡರು. ಭೇಟಿಗೆ ಬಂದಾಗ ವಹಿ ನೋಡುವ ಮೊದಲು ಒಂದು ಪಾಠ ಮಾಡುತ್ತಿದ್ದರು.

ತಾಂಡಾದ ತಾಯಂದಿರು. ಎಸ್‌ಡಿಎಂಸಿ ಸಭೆಯಲ್ಲಿ ಒಬ್ಬರು ಎದ್ದು ನಿಂತು, ‘ನೀರಿನ ಚಿತ್ರ ನೋಡಿ ನನ್ನ ಮಗ ಪಾಣಿ ಅಂದ್ರೆ ತಪ್ಪು ಅನ್ಬ್ಯಾಡ್ರಿ’ ಅಂದರು. ಅವತ್ತಿನಿಂದ, ಚಿಕ್ಕ ಮಕ್ಕಳಿಗೆ ಆಟ-ಚಟುವಟಿಕೆಯಲ್ಲಿ ಕಲಿಸುವ ನಮ್ಮ ನಲಿ-ಕಲಿ ಮೇಡಂ ಆ ತಾಯಿಯನ್ನೇ ಗುರು ಮಾಡಿಕೊಂಡರು. ಯಾಡಿ ಅಂದರೆ ಅಮ್ಮ, ಬಾಟಿ ಅಂದರೆ ರೊಟ್ಟಿ ಅಂತ ಗೋಡೆ ಮೇಲೆ ಎರಡೂ ಮಾತು ಬರೆದರು. ಒಂದನೇ ತರಗತಿಯಲ್ಲಿ ಜೂನ್‌ನ ಅಳು ಕಡಿಮೆಯಾಯಿತು. ಇದು ಯಾವ ತರಬೇತಿಯಲ್ಲೂ ನಮಗೆ ಸಿಕ್ಕಿರಲಿಲ್ಲ.

ಮತ್ತೆ ತಾಂಡಾದ ಅಜ್ಜಿಯರು. ದೀಪಾವಳಿ ಮುಗಿದರೆ ಕಬ್ಬು ಕಡಿಯಲು, ಚಿಕ್ಕಮಗಳೂರಿನ ಕಡೆ ಕಾಫಿ ಬಿಡಿಸಲು ಗಾಡಿಗಳು ಹೊರಡುತ್ತವೆ. ‘ಹುಡುಗ ನನ್ನತ್ರ ಇರ್ಲಿ, ಸಾಲಿಗೆ ಹೋಗ್ಲಿ’ ಅಂತ ಮೊಮ್ಮಕ್ಕಳನ್ನು ಇಟ್ಟುಕೊಂಡ ಅಜ್ಜಿಯರಿಗೆ ನಾನು ಏನು ಹೇಳಲಿ? ಮಗು ಊರಲ್ಲಿ ಇಲ್ಲದಿದ್ದರೆ ನಾವು ಯಾರಿಗೆ ಪಾಠ ಮಾಡುತ್ತಿದ್ದೆವು?

ರಾತ್ರಿ ಹತ್ತಾದರೂ ಮೊಬೈಲ್ ಹಿಡಿದು ಮಾಹಿತಿ ತುಂಬುತ್ತಿದ್ದ ನನ್ನನ್ನು ಆರು ವರ್ಷ ಸಹಿಸಿಕೊಂಡ ಮನೆಯವರಿಗೂ ನಾನು ಋಣಿ. ಅವರಿಗೆ ಇದನ್ನು ಎದುರಲ್ಲೇ ಹೇಳಿದ್ದೇನೆ.

ನಾನೀಗ ಬರೀ ನಾಲ್ಕನೇ ತರಗತಿ ಮೇಡಂ. ಸೋಮವಾರ ಎರಡನೇ ಪೀರಿಯಡ್‌ಗೆ ಹೊಸ ಮುಖ್ಯ ಶಿಕ್ಷಕರು ಐದನೇ ತರಗತಿಯ ಹಿಂದಿನ ಸಾಲಿನಲ್ಲಿ ಕೂತಿದ್ದರು. ಕೈಯಲ್ಲಿ ನೋಟ್‌ಬುಕ್ ಇರಲಿಲ್ಲ. ಅಡುಗೆಯಕ್ಕ ಬಾಗಿಲ ಮೇಲೆ ಲೆಕ್ಕ ಬರೆಯುತ್ತಿದ್ದರು.

ಈ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಶಾಲೆಯಲ್ಲೇ ಮಂಡಕ್ಕಿ, ಮಿರ್ಚಿ, ಚಹಾ ಇದೆ. ಮೇಲೆ ಹೇಳಿದ ಎಲ್ಲರೂ ಬರಬೇಕು. ಅಜ್ಜಿಯರಿಗೆ ಆಟೋ ಹೇಳಿದ್ದೇನೆ, ಹನ್ನೊಂದೂವರೆಗೆ ತಾಂಡಾದ ಗುಡಿ ಹತ್ತಿರ ಬರುತ್ತದೆ.