ಕಲ್ಲೆತ್ತುವ ಚಾಳಿ ಇಲ್ಲಿಗೇ ಇರಲಿ

ಅಮೆರಿಕದಿಂದ ರಜೆಗೆ ಊರಿಗೆ, ಬಳ್ಳಾರಿ, ಕೊಪ್ಪಳದ ಕಡೆ ಕ್ಯಾಮೆರಾ ಹೊತ್ತು ಹೊರಟವರಿಗೆ ಮೊದಲೇ ಹೇಳಿಬಿಡೋಣ: ಅಲ್ಲಿ ಸಲಮಾಂಡರ್ (ಹಲ್ಲಿಯಾಕಾರದ, ಕಪ್ಪೆಯ ದೂರದ ನೆಂಟ) ಇಲ್ಲ. ಭಾರತದಲ್ಲಿ ಅವು ಡಾರ್ಜಿಲಿಂಗ್ ಮತ್ತು ಅದರಾಚೆಯ ಈಶಾನ್ಯದ ಗುಡ್ಡಗಳಿಗೆ ಸೀಮಿತ. ಸಂಡೂರಿನ ತರಗೆಲೆಯಲ್ಲಿ ಸರ್ರನೆ ಜಾರಿಹೋಗುವ ನುಣುಪು ಮೈಯದ್ದು ಹಾವುರಾಣಿ. ಅದಕ್ಕೆ ಹುರುಪೆ, ಉಗುರು ಇವೆ. ಸಲಮಾಂಡರ್‌ಗೆ ಹುರುಪೆಯೇ ಇಲ್ಲ.

ಇಲ್ಲಿ, ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ, ಹಳದಿ ಚುಕ್ಕೆಯ ಸಲಮಾಂಡರ್ ಬೇಕೆಂದರೆ ಮಾರ್ಚ್–ಏಪ್ರಿಲ್‌ನ ಮಳೆರಾತ್ರಿ ಕಾಯಬೇಕು. ಹಿಮ ಕರಗಿ, ಉಷ್ಣಾಂಶ ಸುಮಾರು 5–7 ಡಿಗ್ರಿ ದಾಟಿದರೆ ಅವು ಮೀನಿಲ್ಲದ ಮಳೆಗುಂಡಿಗಳತ್ತ ಹೊರಡುತ್ತವೆ. ದಾರಿಯಲ್ಲಿ ಟೈರಿಗೆ ಸಿಗುತ್ತವೆ. ಕಾರು ದೂರ ನಿಲ್ಲಿಸಿ ನಡೆಯಿರಿ. ಕೆಂಬೆನ್ನಿನ ಸಣ್ಣ ಜಾತಿ ಹಗಲಲ್ಲೇ ಕೊಳೆತ ದಿಮ್ಮಿಯಡಿ ಸಿಗುತ್ತದೆ. ಅದಕ್ಕೆ ಶ್ವಾಸಕೋಶವಿಲ್ಲ, ಒದ್ದೆ ಚರ್ಮದಿಂದಲೇ ಉಸಿರು. ಸೊಳ್ಳೆ ಮುಲಾಮು, ಸ್ಯಾನಿಟೈಸರ್ ಹಚ್ಚಿದ ಕೈ ಸೋಕಿಸಬೇಡಿ. ಫೋಟೋ ಆದಮೇಲೆ ಮೊದಲು ದಿಮ್ಮಿಯನ್ನು ಇದ್ದ ಅಚ್ಚಿಗೇ ಕೂರಿಸಿ, ಆಮೇಲೆ ಪ್ರಾಣಿಯನ್ನು ಅಂಚಿಗೆ ಬಿಡಿ, ತಾನೇ ನುಸುಳುತ್ತದೆ. ಹಿಂದುಮುಂದಾದರೆ ಜಜ್ಜಿಹೋಗುತ್ತದೆ.

ಚಿತ್ರ ಕೆಡಿಸುವುದು ಒದ್ದೆ ಮೈಯ ಹೊಳಪು. ಬರೀ ಫ್ಲ್ಯಾಷ್ ಹೊಡೆದರೆ ಬೆನ್ನೆಲ್ಲ ಬಿಳಿ ಕಲೆ. ಫ್ಲ್ಯಾಷಿನ ಬೆಳಕನ್ನು ಮೆದುಗೊಳಿಸುವ ಅಗಲವಾದ ಡಿಫ್ಯೂಸರ್ ಪ್ರಾಣಿಗೆ ಹತ್ತಿರವಿರಲಿ. 100 ಎಂಎಂ ಮ್ಯಾಕ್ರೊ ಲೆನ್ಸ್ (ಹತ್ತಿರದಿಂದ ತೆಗೆಯಲು), ಅಪರ್ಚರ್ ಎಫ್/11, ಶಟರ್ 1/160 ಸೆಕೆಂಡ್, ಐಎಸ್‌ಒ 200ರಿಂದ ಶುರುಮಾಡಿ, ಹೊಟ್ಟೆಯ ಮೇಲೆ ಮಲಗಿ ಕಣ್ಣಿಗೆ ಫೋಕಸ್ ಮಾಡಿ. ಕಪ್ಪು ಮೈ ಕಂಡು ಕ್ಯಾಮೆರಾದ ಬೆಳಕಿನ ಮೀಟರ್ ಬೆಳಕು ಏರಿಸುತ್ತದೆ, ಹಳದಿ ಚುಕ್ಕೆ ಸುಣ್ಣವಾಗುತ್ತದೆ. ಫ್ಲ್ಯಾಷನ್ನು ಅರ್ಧ ಸ್ಟಾಪ್ ಇಳಿಸಿ.

ಊರಲ್ಲಿ ಮಾತ್ರ ಏನನ್ನೂ ಎತ್ತಿ ನೋಡಬೇಡಿ. ಆನೆಗುಂದಿ, ಕಂಪ್ಲಿಯ ಬಂಡೆಸಂದಿಗೆ ಕೈ ಹಾಕಿದರೆ ಕೆಂಪು ಚೇಳೋ ಗರಗಸ ಮಂಡಲ ಎಂಬ ವಿಷದ ಹಾವೋ ಎದುರಾದೀತು. ಅಲ್ಲಿ ಕಪ್ಪೆ ಹುಡುಕಲು ಕಿವಿಯೇ ದಾರಿ. ಜೋರು ಮಳೆ ಹುಯ್ದ ರಾತ್ರಿ ಗದ್ದೆಬದು, ಹೊಂಡ, ಬಂಡೆಯ ಮೇಲಿನ ದೊಣೆಗಳ ಬಳಿ ಕೂಗು ಹಿಡಿದು ಹೋಗಿ. ಗಂಡು ಗೂಳಿಗಪ್ಪೆ ಆಗ ನಿಂಬೆಹಳದಿಗೆ ತಿರುಗಿ, ಗಂಟಲಿನ ಎರಡೂ ಬದಿ ನೀಲಿ ಚೀಲ ಉಬ್ಬಿಸುತ್ತದೆ. ಸಲಮಾಂಡರ್‌ಗಿಂತ ಇದೇ ಸೊಗಸು ಎಂದರೆ ಇಲ್ಲಿನ ಗೆಳೆಯರು ಒಪ್ಪಲಿಕ್ಕಿಲ್ಲ! ಆ ಬಣ್ಣ ಹೆಚ್ಚು ದಿನ ನಿಲ್ಲುವುದಿಲ್ಲ. ಟಾರ್ಚ್ ನೇರ ಬಿಟ್ಟರೆ ಕೂಗು ನಿಲ್ಲುತ್ತದೆ. ಬೆಳಕನ್ನು ಪಕ್ಕಕ್ಕೆ ಹಿಡಿದು ಅಲ್ಲಾಡದೆ ನಿಲ್ಲಿ. ಕಪ್ಪೆಯ ಹಿಂದೆ ನಾಗರವೂ ಬರುತ್ತದೆ, ಮೊಣಕಾಲೆತ್ತರದ ಗಮ್‌ಬೂಟ್ ಬೇಕೇ ಬೇಕು.

ಇಲ್ಲಿಯ ಬೂಟು ಒಯ್ಯಬೇಡಿ. ನೆದರ್ಲೆಂಡ್ಸ್‌ನ ಬೆಂಕಿ ಸಲಮಾಂಡರ್‌ಗಳನ್ನು ಬಹುಪಾಲು ಅಳಿಸಿದ, 2013ರಲ್ಲಿ ಹೆಸರಿಟ್ಟ ಚರ್ಮದ ಶಿಲೀಂಧ್ರದಂಥವು ಒದ್ದೆ ಕೆಸರಿನಲ್ಲೇ ಊರೂರು ದಾಟುತ್ತವೆ. ಒಯ್ಯಲೇಬೇಕಾದರೆ ಕೆಸರು ತಿಕ್ಕಿ, ಬ್ಲೀಚ್ ನೀರಲ್ಲಿ ತೊಳೆದು, ಒಳಗೂ ಹೊರಗೂ ಪೂರ್ತಿ ಒಣಗಿದ ಮೇಲೆ ಪೆಟ್ಟಿಗೆಗೆ ಹಾಕಿ.