ಸ್ಟೆಪ್ನಿ ಇದೆಯಾ ಎಂದು ನಾನು ಕೇಳಿದ್ದೆ

ಹಾಸನ
3 ಫೆಬ್ರವರಿ 2025

ಇವರಿಗೆ,
ವ್ಯವಸ್ಥಾಪಕರು,
ವಿದೇಶ ಪ್ರವಾಸ ಮತ್ತು ಬಾಡಿಗೆ ಕಾರು ವಿಭಾಗ,
ಬೆಂಗಳೂರು.

ವಿಷಯ: ನೀವು ಬುಕ್ ಮಾಡಿಕೊಟ್ಟ ಕಾರು ಡಿಸೆಂಬರ್ 24ರ ರಾತ್ರಿ ಅಮೆರಿಕದ ನ್ಯೂ ಮೆಕ್ಸಿಕೊ ಮರುಭೂಮಿಯಲ್ಲಿ ಕೈಕೊಟ್ಟ ಬಗ್ಗೆ ದೂರು.

ಮಾನ್ಯರೇ,

ನಾನು ಬಸ್ ಡಿಪೊದಲ್ಲಿ 31 ವರ್ಷ ಮೆಕ್ಯಾನಿಕ್ ಆಗಿ ದುಡಿದು ನಿವೃತ್ತನಾದವನು. ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಮುಂದೆ ಟೈರಿನ ಬಗ್ಗೆ ಬರೆದಿರುವುದು ಯಾವುದೂ ಊಹೆಯಲ್ಲ, ಕೈಯಿಂದ ಮುಟ್ಟಿ ನೋಡಿದ್ದು.

ನವೆಂಬರ್ 20ರಂದು ನಿಮ್ಮ ಕಚೇರಿಗೆ ನಾನೇ ಬಂದಿದ್ದೆ. ನನ್ನ ದೊಡ್ಡ ಮಗ ಫೀನಿಕ್ಸ್‌ನಲ್ಲಿದ್ದಾನೆ, ಮಗಳು ಡಲ್ಲಾಸ್‌ನಲ್ಲಿ, ಚಿಕ್ಕವನು ನ್ಯೂಜೆರ್ಸಿಯಲ್ಲಿ. ಮೂವರೂ ಒಂದೇ ಮನೆಯಲ್ಲಿ ಕೂತು ಊಟ ಮಾಡಿ ಆರು ವರ್ಷವಾಗಿತ್ತು. ಕ್ರಿಸ್‌ಮಸ್ ರಜೆಯಲ್ಲಿ ಮಗಳ ಮನೆಯಲ್ಲಿ ಸೇರುವುದೆಂದು ಮಾತಾಗಿತ್ತು. ಫೀನಿಕ್ಸ್‌ನಿಂದ ಡಲ್ಲಾಸ್‌ಗೆ ಸುಮಾರು 1,700 ಕಿಲೋಮೀಟರ್. ಮಗನ ಕಾರು ಚಿಕ್ಕದು. ನಾವಿಬ್ಬರು, ಮಗ, ಸೊಸೆ, ಆರು ವರ್ಷದ ಮೊಮ್ಮಗಳು, ಸಾಮಾನು ಎಲ್ಲ ಸೇರಿದರೆ ದೊಡ್ಡ ಗಾಡಿಯೇ ಬೇಕು. ಮಗ ಅಲ್ಲೇ ನೋಡುತ್ತೇನೆಂದ. ನಾನೇ ಬೇಡವೆಂದೆ, ಖರ್ಚು ನನ್ನದಿರಲಿ ಎಂದು. 24 ಗಂಟೆಯೂ ಕನ್ನಡದಲ್ಲೇ ಮಾತಾಡುವ ಸಹಾಯವಾಣಿ ಇದೆ ಎಂದು ನಿಮ್ಮ ಬೋರ್ಡಿನಲ್ಲಿ ಬರೆದಿತ್ತು. ಅದನ್ನು ನಂಬಿ 94,500 ರೂಪಾಯಿ ಕಟ್ಟಿದೆ.

ಆ ದಿನ ಕೌಂಟರಿನಲ್ಲಿದ್ದ ಹುಡುಗನಿಗೆ ನಾನು ಕೇಳಿದ್ದು ಒಂದೇ ಪ್ರಶ್ನೆ: ಗಾಡಿಯಲ್ಲಿ ಸ್ಟೆಪ್ನಿ ಇದೆಯಾ? "ಎಲ್ಲಾ ಇರುತ್ತೆ ಸರ್" ಅಂದ. ಜಾಕ್, ಸ್ಪ್ಯಾನರ್? "ಅದೂ ಇರುತ್ತೆ ಸರ್." ಚಳಿಗೆ ಕಂಬಳಿ ಏನಾದರೂ ಇಟ್ಟುಕೊಳ್ಳಬೇಕಾ ಎಂದು ನನ್ನ ಹೆಂಡತಿ ಕೇಳಿದ್ದಕ್ಕೆ, "ಮರುಭೂಮಿ ಅಲ್ವಾ ಅಮ್ಮ, ಬಿಸಿಲೇ ಇರುತ್ತೆ" ಅಂದ. ಹುಡುಗನನ್ನು ಕೆಲಸದಿಂದ ತೆಗೆಯಿರಿ ಎಂದು ನಾನು ಬರೆಯುತ್ತಿಲ್ಲ. ಅವನಿಗೆ ಗೊತ್ತಿರಲಿಲ್ಲ, ಅಷ್ಟೇ. ಗೊತ್ತಿಲ್ಲ ಎಂದು ಹೇಳಲು ನೀವು ಅವನಿಗೆ ಕಲಿಸಿಲ್ಲ. ಆ ಒಂದು ಮಾತು ಹೇಳಿದ್ದರೆ ಫೀನಿಕ್ಸ್‌ನಲ್ಲೇ ಡಿಕ್ಕಿ ತೆಗೆಸಿ ನೋಡಿಕೊಳ್ಳುತ್ತಿದ್ದೆ. ಡಿಸೆಂಬರ್ 23ರ ರಾತ್ರಿ ಮಗ ಒಬ್ಬನೇ ಹೋಗಿ ಗಾಡಿ ತಂದ. ಬೆಳಿಗ್ಗೆ ನಾನು ಎದ್ದು ಬರುವಷ್ಟರಲ್ಲಿ ಸಾಮಾನೆಲ್ಲ ಒಳಗೆ ಸೇರಿತ್ತು.

24ರಂದು ಹನ್ನೊಂದೂವರೆಗೆ ಹೊರಟೆವು. ದಾರಿ ಚೆನ್ನಾಗಿತ್ತು, ಅದನ್ನೂ ಹೇಳಬೇಕು. ಟೂಸಾನ್‌ವರೆಗೆ ಎರಡೂ ಕಡೆ ತೋಳೆತ್ತಿ ನಿಂತ ಸಗುವಾರೋ ಕಳ್ಳಿಗಳು. ಅದು ದಾಟಿದ ಮೇಲೆ ಅವು ಮಾಯವಾಗಿ ಬರೀ ಕುರುಚಲು ಗಿಡ. ಟೆಕ್ಸಸ್ ಕ್ಯಾನ್ಯನ್ ಎನ್ನುವ ಕಡೆ, ಅದು ಇರುವುದು ಅರಿಜೋನಾದಲ್ಲೇ, ಬಂಡೆಯ ಮೇಲೆ ಬಂಡೆ ಪೇರಿಸಿಟ್ಟ ಹಾಗೆ ಗುಡ್ಡಗಳು. "ರಾಮನಗರದ ಹತ್ತಿರ ಬಂದ ಹಾಗಿದೆ" ಎಂದು ನನ್ನ ಹೆಂಡತಿ ಇಳಿದು ನಿಂತುಬಿಟ್ಟಳು. ಅಲ್ಲೇ ಬುತ್ತಿ ಬಿಚ್ಚಿ ಚಪಾತಿ, ಚಟ್ನಿಪುಡಿ ತಿಂದೆವು. ಆ ರಾತ್ರಿ ಎಲ್ ಪಾಸೊದಲ್ಲಿ ಉಳಿದು, ಮರುದಿನ ರಾತ್ರಿ ಊಟದ ಹೊತ್ತಿಗೆ ಮಗಳ ಮನೆ ಸೇರುವುದು ನಮ್ಮ ಲೆಕ್ಕ. ಚಿಕ್ಕವನಿಗೆ ಸಿಕ್ಕಿದ್ದು ಎರಡೇ ದಿನ ರಜೆ. 26ರ ಸಂಜೆ ಏಳಕ್ಕೆ ಅವನ ವಾಪಸು ವಿಮಾನ.

ನ್ಯೂ ಮೆಕ್ಸಿಕೊ ಗಡಿ ದಾಟಿ ಎಂಟು ಮೈಲಿ ಆಗಿತ್ತು. ಲಾರ್ಡ್ಸ್‌ಬರ್ಗ್ ಎಂಬ ಊರಿಗೆ ಮುಂಚೆ ಒಂದು ಒಣಗಿದ ಕೆರೆಯಂಗಳ ಬರುತ್ತದೆ, ಹೆದ್ದಾರಿ ಅದರ ನಡುವೆಯೇ ಹಾದುಹೋಗುತ್ತದೆ. ಗಿಡವಿಲ್ಲ, ಮನೆಯಿಲ್ಲ. ಧೂಳು ಎದ್ದರೆ ಗಾಡಿ ರಸ್ತೆಯಿಂದ ಕೆಳಗಿಳಿಸಿ, ಆಫ್ ಮಾಡಿ, ಬ್ರೇಕಿನಿಂದ ಕಾಲು ತೆಗೆಯಿರಿ ಎಂದು ಸಾಲಾಗಿ ಬೋರ್ಡು ಹಾಕಿರುವ ಜಾಗ. ಸೂರ್ಯ ಮುಳುಗಿ ಅರ್ಧ ಗಂಟೆಯಾಗಿತ್ತು. ಹಿಂದಿನ ಬಲ ಟೈರು ಢಬ್ ಎಂದು ಸಿಡಿಯಿತು. ಮಗ ಗಾಬರಿಯಾಗದೆ ಗಾಡಿಯನ್ನು ಅಂಚಿಗೆ ತಂದ. ಆಗ ಐದು ನಲವತ್ತು.

ಸಾಮಾನೆಲ್ಲ ಇಳಿಸಿ ಹಲಗೆ ಎತ್ತಿದರೆ ಸ್ಟೆಪ್ನಿ ಇರಲಿಲ್ಲ. ಜಾಕೂ ಇರಲಿಲ್ಲ. ಇದ್ದದ್ದು ಒಂದು ಚಿಕ್ಕ ಗಾಳಿ ಪಂಪು ಮತ್ತು ಪಂಕ್ಚರ್ ಅಂಟಿನ ಡಬ್ಬಿ. ಈಗಿನ ಎಷ್ಟೋ ಕಾರುಗಳಲ್ಲಿ ತೂಕ ಉಳಿಸಲು ಸ್ಟೆಪ್ನಿ ಬದಲು ಇದನ್ನೇ ಕೊಡುತ್ತಾರೆ, ನನಗೂ ಗೊತ್ತು. ಆದರೆ ಆ ಅಂಟು ನಡೆಯುವುದು ನೆಲಕ್ಕೆ ತಾಗುವ ಭಾಗದಲ್ಲಿ ಮೊಳೆ ಚುಚ್ಚಿದಾಗ, ತೂತು ಹೆಚ್ಚೆಂದರೆ ಆರು ಮಿಲಿಮೀಟರ್ ಇದ್ದಾಗ. ನಮ್ಮದು ಪಕ್ಕದ ಗೋಡೆಯೇ ಗೇಣುದ್ದ ಸೀಳಿತ್ತು. ಅದಕ್ಕೆ ಯಾವ ಅಂಟೂ ಕೂರುವುದಿಲ್ಲ. ಅಷ್ಟಕ್ಕೂ ಆ ಡಬ್ಬಿಯ ಸೀಲು ಮೊದಲೇ ಒಡೆದಿತ್ತು. ಅಲ್ಲಾಡಿಸಿದರೆ ಒಳಗೆ ಏನೂ ಇಲ್ಲ.

ಮೊಬೈಲ್ ಟಾರ್ಚ್ ಹಾಕಿ ಟೈರಿನ ಮೇಲೆ ಬೆರಳಾಡಿಸಿದೆ. ಗೋಡೆಯ ತುಂಬ ಕೂದಲೆಳೆಯಂಥ ಬಿರುಕು, ಒಣಗಿದ ಗದ್ದೆಯ ಹಾಗೆ. ಟೈರಿನ ಗೋಡೆಯಲ್ಲಿ ಡಾಟ್ (DOT) ಎಂಬ ಅಕ್ಷರಗಳ ಸಾಲಿನ ಕೊನೆಗೆ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ತಯಾರಾದ ವಾರ, ಕೊನೆಯೆರಡು ವರ್ಷ. ಇದರಲ್ಲಿ 2217 ಎಂದಿತ್ತು. ಅಂದರೆ 2017ರ 22ನೇ ವಾರ, ಏಳು ವರ್ಷ ದಾಟಿದ ಟೈರು. ಉಳಿದ ಮೂರನ್ನೂ ನೋಡಿದೆ. ಮೂರೂ 2022ರವು. ಅಂದರೆ ಯಾರೋ ಒಂದು ಒಳ್ಳೆಯ ಟೈರು ತೆಗೆದು ಎಲ್ಲೋ ಬಿದ್ದಿದ್ದ ಹಳೆಯದನ್ನು ಕೂರಿಸಿ ಬಾಡಿಗೆಗೆ ಬಿಟ್ಟಿದ್ದಾರೆ. ನಮ್ಮ ಡಿಪೊದಲ್ಲಿ ಇಂಥ ಟೈರು ಹಾಕಿದ ಬಸ್ಸನ್ನು ಗೇಟಿನಾಚೆ ಬಿಟ್ಟಿದ್ದರೆ ಮರುದಿನ ನನ್ನ ಕೈಗೆ ಮೆಮೊ ಬರುತ್ತಿತ್ತು. ಗಾಡಿ ನಮ್ಮದಲ್ಲ, ಅಲ್ಲಿನ ಪಾಲುದಾರ ಕಂಪನಿಯದ್ದು ಎಂದು ನೀವು ಹೇಳಬಹುದು. ದುಡ್ಡು ತೆಗೆದುಕೊಂಡು ರಸೀದಿ ಕೊಟ್ಟವರು ನೀವು.

ನಿಮ್ಮ ಕನ್ನಡ ಸಹಾಯವಾಣಿಗೆ ಫೋನ್ ಮಾಡಿದೆವು. ಅಲ್ಲಿ ಸಂಜೆ ಐದು ಮುಕ್ಕಾಲು ಎಂದರೆ ಬೆಂಗಳೂರಿನಲ್ಲಿ ಮರುದಿನ ಬೆಳಿಗ್ಗೆ ಆರೂಕಾಲು. ಕಚೇರಿ ಹತ್ತಕ್ಕೆ ತೆರೆಯುತ್ತದೆ ಎಂದು ರೆಕಾರ್ಡಿಂಗ್ ಬಂತು. ನಾಲ್ಕು ಸಲ ಮಾಡಿದರೂ ಅದೇ. ಹತ್ತಕ್ಕೂ ಯಾರೂ ಎತ್ತಲಿಲ್ಲ, 25 ನಮ್ಮಲ್ಲೂ ಸರ್ಕಾರಿ ರಜೆ.

ಪಾಲುದಾರರ ರಸ್ತೆ ಸಹಾಯದವರು ಫೋನ್ ಎತ್ತಿದರು. ಬೀದಿ ಹೆಸರೇನು, ಹತ್ತಿರದ ಕ್ರಾಸ್ ಯಾವುದು ಎಂದು ಕೇಳಿದರು. ಮಗ ಇಂಟರ್‌ಸ್ಟೇಟ್ 10, ಪೂರ್ವದ ಕಡೆ, ನ್ಯೂ ಮೆಕ್ಸಿಕೊದ ಎಂಟನೇ ಮೈಲಿಗಲ್ಲು ಎಂದು ಬಿಡಿಸಿ ಹೇಳಿದ. ಆ ಹೆದ್ದಾರಿಯಲ್ಲಿ ರಾಜ್ಯದ ಪಶ್ಚಿಮ ಗಡಿಯಿಂದ ಮೈಲಿ ಎಣಿಸುತ್ತಾರೆ, ಇದಕ್ಕಿಂತ ಖಚಿತವಾದ ವಿಳಾಸ ಇನ್ನೊಂದಿಲ್ಲ. ಅವರ ಕಂಪ್ಯೂಟರ್ ಅದನ್ನು ತೆಗೆದುಕೊಳ್ಳಲಿಲ್ಲವಂತೆ. 22 ಕಿಲೋಮೀಟರ್ ದೂರದ ಲಾರ್ಡ್ಸ್‌ಬರ್ಗ್ ಬಿಟ್ಟು, 200 ಕಿಲೋಮೀಟರ್ ಆಚೆಯ ಲಾಸ್ ಕ್ರೂಸಸ್‌ನಿಂದ ಟೋಯಿಂಗ್ ಗಾಡಿ ಕಳಿಸಿದ್ದೇವೆ ಎಂದರು. ಎರಡು ಗಂಟೆ ಕಾದ ಮೇಲೆ ಅದೂ ರದ್ದಾಗಿದೆ ಎಂದು ಮೆಸೇಜ್ ಬಂತು.

ಮರುಭೂಮಿಯಲ್ಲಿ ಬಿಸಿಲೇ ಇರುತ್ತದೆ ಎಂದರಲ್ಲ, ಆ ಜಾಗ ಬೆಂಗಳೂರಿಗಿಂತ 300 ಮೀಟರ್ ಎತ್ತರದಲ್ಲಿದೆ. ಗಾಳಿಯಲ್ಲಿ ತೇವವಿಲ್ಲ, ಹೊತ್ತು ಮುಳುಗಿದೊಡನೆ ನೆಲದ ಬಿಸಿಯೆಲ್ಲ ಆರಿಹೋಗುತ್ತದೆ. ಎಂಟು ಗಂಟೆಗೆ ಹೊರಗೆ ಮೂರು ಡಿಗ್ರಿ. ಪಕ್ಕದಲ್ಲಿ ಒಂದೊಂದು ಟ್ರಕ್ ಹಾದಾಗಲೂ ಗಾಡಿ ತೊಟ್ಟಿಲಿನಂತೆ ತೂಗುತ್ತಿತ್ತು. ಮೊಮ್ಮಗಳು ಅಜ್ಜಿಯ ಶಾಲಿನೊಳಗೆ ಮುಖ ಹುದುಗಿಸಿ, ಟ್ರಕ್ ಬಂದಾಗಲೆಲ್ಲ "ಇನ್ನೊಂದು ಬಂತು ಅಜ್ಜಿ" ಎನ್ನುತ್ತಿದ್ದಳು. ನನ್ನ ಹೆಂಡತಿಗೆ 68 ವರ್ಷ, ಬಿಪಿ ಇದೆ. ಮಾತ್ರೆ ತೆಗೆದುಕೊಳ್ಳಲು ನೀರು ಮುಟ್ಟಿದರೆ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಾಗಿತ್ತು.

ಎಂಟೂವರೆಗೆ ರಾಜ್ಯ ಪೊಲೀಸರ ಗಾಡಿಯೊಂದು ತಾನಾಗಿ ನಿಂತಿತು. ಆ ಅಧಿಕಾರಿ ಮೈಲಿಗಲ್ಲಿನ ಸಂಖ್ಯೆಯನ್ನು ವೈರ್‌ಲೆಸ್‌ನಲ್ಲಿ ಹೇಳಿದರು. ನಲವತ್ತು ನಿಮಿಷದಲ್ಲಿ ಲಾರ್ಡ್ಸ್‌ಬರ್ಗ್‌ನಿಂದ ಟೋಯಿಂಗ್ ಗಾಡಿ ಬಂತು. ಅಲ್ಲಿಯವರೆಗೆ ಅವರು ಹಿಂದೆ ದೀಪ ಹಾಕಿಕೊಂಡು ಕದಲದೆ ನಿಂತಿದ್ದರು. ಅವರಿಗೆ ನಾವು ಎಷ್ಟು ಕೃತಜ್ಞತೆ ಹೇಳಿದರೂ ಸಾಲದು.

25ರಂದು ಆ ಊರಿನಲ್ಲಿ ಒಂದು ಟೈರ್ ಅಂಗಡಿಯೂ ತೆರೆದಿರಲಿಲ್ಲ. ಇಡೀ ದಿನ ಮೋಟೆಲ್ ಕೋಣೆಯಲ್ಲಿ ಅವಲಕ್ಕಿ ನೆನೆಸಿ ತಿಂದುಕೊಂಡು ಕೂತೆವು. 26ರ ಬೆಳಿಗ್ಗೆ ಹತ್ತಕ್ಕೆ ಬೇರೆ ಟೈರು ಹಾಕಿಸಿದೆವು. ಡಲ್ಲಾಸ್ ಮುಟ್ಟಿದಾಗ ರಾತ್ರಿ ಎರಡು ಗಂಟೆ. ಚಿಕ್ಕವನು ಏಳು ಗಂಟೆ ಹಿಂದೆಯೇ ಹೊರಟುಹೋಗಿದ್ದ. ರಜೆ ಮುಂದೂಡಿ ಎಂದು ಕೇಳಿದ್ದನಂತೆ, ಆಗಲಿಲ್ಲ. ಅವನಿಗೆ ಕೋಡುಬಳೆ ಇಷ್ಟವೆಂದು ಅವನ ತಾಯಿ ಹಾಸನದಲ್ಲಿ ಕರಿದು, ಸ್ಟೀಲ್ ಡಬ್ಬಿಗೆ ತುಂಬಿ, ಮುಚ್ಚಳಕ್ಕೆ ಬಟ್ಟೆ ಕಟ್ಟಿ ತಂದಿದ್ದಳು. ಆ ಗಂಟನ್ನು ಅವಳು ಬಿಚ್ಚಲಿಲ್ಲ. ಮಗಳು ಅದನ್ನು ಆಮೇಲೆ ಪಾರ್ಸೆಲ್ ಮಾಡಿದಳು. ತಾಯಿ ಮಗ ಭೇಟಿಯಾಗಲಿಲ್ಲ. ಜನವರಿ 20ಕ್ಕೆ ನಾವು ವಾಪಸು ಬಂದೆವು.

ಇದಕ್ಕೆ ನೀವು ಏನು ಕೊಟ್ಟರೂ ತುಂಬುವುದಿಲ್ಲ, ನಾನು ಕೇಳುವುದೂ ಇಲ್ಲ. ಕೇಳುವುದು ಇಷ್ಟು: ಟೋಯಿಂಗ್‌ಗೆ 285 ಡಾಲರ್, ಟೈರಿಗೆ 214, ಎರಡು ರಾತ್ರಿಯ ಎರಡು ಕೋಣೆಗೆ 396, ಒಟ್ಟು 895 ಡಾಲರ್ ವಾಪಸು ಕೊಡಿ. ನಿಮ್ಮ ಬುಕಿಂಗ್ ಫಾರಂನಲ್ಲಿ ಸ್ಟೆಪ್ನಿ ಇದೆ ಅಥವಾ ಇಲ್ಲ ಎಂದು ಒಂದು ಸಾಲು ಸೇರಿಸಿ, ಪಾಲುದಾರರಿಂದ ಬರೆಸಿಕೊಂಡೇ ಗ್ರಾಹಕರಿಗೆ ಹೇಳಿ. ಸಹಾಯವಾಣಿಗೆ ರಾತ್ರಿ ಪಾಳಿಯಲ್ಲಿ ಒಬ್ಬರನ್ನು ಕೂರಿಸಿ, ಇಲ್ಲವಾದರೆ ಬೋರ್ಡಿನಿಂದ 24 ಗಂಟೆ ಎಂಬುದನ್ನು ಅಳಿಸಿ. ಬರುವ ಡಿಸೆಂಬರ್‌ನಲ್ಲೂ ಯಾರದೋ ಅಪ್ಪ ಅಮ್ಮ ನಿಮ್ಮಲ್ಲಿ ಗಾಡಿ ಬುಕ್ ಮಾಡುತ್ತಾರೆ.

30 ದಿನದೊಳಗೆ ಲಿಖಿತ ಉತ್ತರ ಬಾರದಿದ್ದರೆ ಹಾಸನ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ದಾಖಲಿಸುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ನಾನು ವಾಸವಿರುವ ಜಿಲ್ಲೆಯಲ್ಲೇ ಅದಕ್ಕೆ ಅವಕಾಶವಿದೆ.

ರಸೀದಿಗಳ ನಕಲು, ಫೋನ್ ಕರೆಗಳ ವಿವರ ಮತ್ತು ನಾಲ್ಕೂ ಟೈರುಗಳ ಅಂಕಿ ಕಾಣುವಂತೆ ತೆಗೆದ ಫೋಟೊಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಬಸ್ ಮೆಕ್ಯಾನಿಕ್, ಹಾಸನ