ಗೆಳೆಯನಿಗೆ, ಆ ಅರ್ಧ ನಿಂಬೆಹಣ್ಣಿನ ವಿಷಯ

ಲೋ ಗೆಳೆಯಾ,

ಫೋನಿನಲ್ಲೇ ಹೇಳಬಹುದಿತ್ತು. ಆದರೆ ವಯಸ್ಸಿಗೆ ಬಂದ ಮಕ್ಕಳಿರುವ ಮನೆಯವರು ಇನ್ನೂ ನಾಲ್ಕು ಜನ ಓದಲಿ ಅಂತ ಇಲ್ಲೇ ಬರೆಯುತ್ತಿದ್ದೇನೆ. ಮಗನನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆದರಬೇಡ, ಮದ್ದೂರಿನ ಆ ಮೂರನೇ ವಡೆಯ ಮಾತು ಎತ್ತುವುದಿಲ್ಲ.

ಎರಡು ತಿಂಗಳ ಹಿಂದೆ ಒಂದು ಬೆಳಿಗ್ಗೆ ಅವನು ಹಿತ್ತಲ ನಲ್ಲಿ ಹತ್ತಿರ ನಿಂತಿದ್ದ. ಕೈಯಲ್ಲಿ ಅರ್ಧ ನಿಂಬೆಹಣ್ಣು. ಹಲ್ಲು ಕಚ್ಚಿಕೊಂಡು, ಕಣ್ಣು ಮುಚ್ಚಿಕೊಂಡು ಕೆನ್ನೆ ಮೇಲಿನ ಮೊಡವೆಗೆ ತಿಕ್ಕುತ್ತಿದ್ದ. ಗಲ್ಲಕ್ಕೆ ಒಂದು ಬೀಜ ಅಂಟಿಕೊಂಡಿತ್ತು. ಓಡಿ ಹೋಗಿ ಕಿತ್ತುಕೊಂಡೆ, ಕೂಗಾಡಿದೆ. "ನ್ಯಾಚುರಲ್ ಅಲ್ವಾ ಅಪ್ಪಾ?" ಅಂದ.

ಹುಳಿ ಅಳೆಯುವುದು ಪಿಎಚ್‌ನಲ್ಲಿ, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ. ನಿಂಬೆರಸದ ಪಿಎಚ್ ಸುಮಾರು 2. ಚರ್ಮದ್ದು 5ರ ಆಸುಪಾಸು. ಮೊದಲೇ ಕೆಂಪಗೆ ಊದಿದ ಜಾಗಕ್ಕೆ ಅಷ್ಟು ಹುಳಿ ಬಿದ್ದರೆ ಉರಿಯದೆ ಇರುತ್ತದೆಯೇ? ಅದನ್ನು ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಸುಟ್ಟ ಹಾಗೆ ಬೊಬ್ಬೆ ಏಳಬಹುದು. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯುತ್ತದೆ.

ಇದು ನಾನು ಓದಿ ತಿಳಿದದ್ದಲ್ಲ. ನಂಜನಗೂಡಿನಲ್ಲಿ ನಿನ್ನ ಮದುವೆ ಆದ ದಿನ ನನಗೆ ಜ್ವರ ಇರಲಿಲ್ಲ ಕಣೋ. ಫೋಟೋದಲ್ಲಿ ಮುಖ ಚೆನ್ನಾಗಿ ಬರಲಿ ಅಂತ ನಾಲ್ಕು ದಿನ ಮೊದಲು ನಿಂಬೆರಸ ಬಳಿದುಕೊಂಡು ಮಂಡ್ಯದ ಬಿಸಿಲಲ್ಲಿ ಸೈಕಲ್ ತುಳಿದಿದ್ದೆ. ಎಡಗೆನ್ನೆ ಸುಟ್ಟಿತ್ತು. ಮದುವೆ ದಿನ ಇಸ್ತ್ರಿ ಮಾಡಿಸಿದ ಷರ್ಟ್ ಹಾಕಿಕೊಂಡು ಬಸ್ ಸ್ಟ್ಯಾಂಡ್‌ವರೆಗೂ ಬಂದೆ. ಬಸ್ಸಿನ ಕಿಟಕಿ ಗಾಜಿನಲ್ಲಿ ಮುಖ ಕಂಡಿತು. ವಾಪಸ್ ಹೋದೆ. ಇವತ್ತಿಗೂ ನಿಮ್ಮನೆಯಲ್ಲಿ ಆ ಆಲ್ಬಮ್ ತೆಗೆದರೆ ನಾನು ನೀರು ಕುಡಿಯಲು ಎದ್ದು ಹೋಗುತ್ತೇನೆ. ಗಮನಿಸಿದ್ದೀಯಾ? ಇಷ್ಟು ಬರೆಯಬೇಕು ಅಂತ ಕೂತಿರಲಿಲ್ಲ.

ಇರಲಿ, ಮಗನ ವಿಷಯಕ್ಕೆ ಬರುತ್ತೇನೆ. ಮೊದಲು ಜಿಮ್ಮಿನ ಪ್ರೋಟೀನ್ ಪುಡಿ ನಿಲ್ಲಿಸಿದೆವು. ಅದು ಹಾಲಿನಿಂದ ತೆಗೆಯುವ 'ವೇ' (whey) ಅನ್ನುವ ಪ್ರೋಟೀನ್. ಕೆಲವರಿಗೆ ಅದರಿಂದ ಮೊಡವೆ ಜಾಸ್ತಿ ಆಗುತ್ತದೆ. ಆಮೇಲೆ ಬೇಕರಿ ಬನ್ನು, ಬಾಟಲಿ ಜ್ಯೂಸು ಕಡಿಮೆ. ರಕ್ತದಲ್ಲಿ ಸಕ್ಕರೆ ದಿಢೀರನೆ ಏರಿದರೆ ಇನ್ಸುಲಿನ್ ಏರುತ್ತದೆ, ಅದರ ಹಿಂದೆಯೇ ಚರ್ಮದ ಎಣ್ಣೆಯೂ. 2007ರಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನ ಸಂಶೋಧಕರು ಮೊಡವೆ ಇದ್ದ 43 ಹುಡುಗರನ್ನು 12 ವಾರ ನೋಡಿದ್ದರು. ಸಕ್ಕರೆ ನಿಧಾನವಾಗಿ ಏರಿಸುವ ಊಟ ಮಾಡಿದವರಲ್ಲಿ ಮೊಡವೆ ಹೆಚ್ಚು ಇಳಿದಿತ್ತು. ನಮ್ಮ ಮಂಡ್ಯದಲ್ಲಿ ಬೆಲ್ಲವನ್ನು ಯಾರೂ ಸಕ್ಕರೆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಿಡಿಯಬೇಕು, ಆಲೆಮನೆಯ ಬಿಸಿ ಬೆಲ್ಲವನ್ನೂ. ಈಗ ತಟ್ಟೆಯಲ್ಲಿ ಹುರುಳಿಕಾಳು, ಹೆಸರುಕಾಳು, ಸೊಪ್ಪು ಜಾಸ್ತಿ.

ಮುಖಕ್ಕೆ ಕೊಬ್ಬರಿ ಎಣ್ಣೆ ಹಚ್ಚುವುದನ್ನು ಬಿಟ್ಟ. ಚಿವುಟುವುದನ್ನೂ ಬಿಟ್ಟ, ಅದೇ ಕಷ್ಟವಾಯಿತು. ಒಳಗೆ ಗಂಟು ಕಟ್ಟಿ ನೋಯುತ್ತಿದ್ದ ಮೊಡವೆಗಳಿಗೆ ಮಾತ್ರ ಊಟ ಸಾಲದು ಅನ್ನಿಸಿತು, ಚರ್ಮದ ಡಾಕ್ಟರ್ ಹತ್ತಿರ ಹೋದೆವು. ಅಂಥವು ಗುಳಿ ಬಿಟ್ಟು ಹೋಗುತ್ತವೆ, ಸುಮ್ನೆ ಕಾಯಬಾರದು. ಯಾರೋ ಹೇಳಿದರು ಅಂತ ಸ್ಟೆರಾಯ್ಡ್ ಬೆರೆತ ಕ್ರೀಮ್ ಮಾತ್ರ ದಯವಿಟ್ಟು ಬೇಡ. ಅದರಿಂದಲೇ ಮೊಡವೆ ಏಳುತ್ತವೆ.

ಇನ್ನೂ ಪೂರ್ತಿ ಹೋಗಿಲ್ಲ. ಆದರೆ ನಿನ್ನೆ ಟ್ಯೂಷನ್‌ಗೆ ಮಾಸ್ಕ್ ಇಲ್ಲದೆ ಹೋದ. ಬಾಗಿಲಲ್ಲಿ ನಿಂತು ಅವನು ತಿರುವು ದಾಟುವವರೆಗೂ ನೋಡಿದೆ.

ಬೆಂಗಳೂರಿನಿಂದ ಮುಂದಿನ ಭಾನುವಾರ ಎಲ್ಲರೂ ಬನ್ನಿ. ಹುರುಳಿಕಾಳಿನ ಬಸ್ಸಾರು, ಮುದ್ದೆ ಮಾಡಿಸುತ್ತೇನೆ. ಆಲ್ಬಮ್ ತಗೊಂಡು ಬಾ. ಮದ್ದೂರಿನಲ್ಲಿ ಗಾಡಿ ನಿಲ್ಲಿಸಿದರೆ ವಡೆ ಎರಡೇ ಕಟ್ಟಿಸು.

ನಿನ್ನವನು